ಎಫ್ ಹನ್ನೆರಡರಲ್ಲಿ ಯಾರೋ ಕೂತಿದ್ದಾರೆ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ವೈಟ್‌ಫೀಲ್ಡ್‌ನ ಯಾವುದೇ ಟೆಕ್ ಪಾರ್ಕಿನ ಕ್ಯಾಂಟೀನಿಗೆ ಹೋದರೂ, ಎಂಟು ಜನ ಒಂದೇ ಫೋನಿನ ಮೇಲೆ ಬಗ್ಗಿ ನಿಂತಿರುವುದು ಕಾಣುತ್ತದೆ. ಫೋನಿನೊಳಗೆ ಪುಟ್ಟ ಪುಟ್ಟ ಚೌಕಗಳು. ಬೂದು ಬಣ್ಣದವು ಹೋದವು, ಹಸಿರು ಅಂಚಿನವು ಉಳಿದವು. ಎಂಟು ಸೀಟೂ ಒಂದೇ ಸಾಲಿನಲ್ಲಿ ಬೇಕೆಂದರೆ ಪರದೆಯ ಬುಡಕ್ಕೇ ಹೋಗಬೇಕು. ಹಿಂದೆ ಬೇಕೆಂದರೆ ಐದು ಇಲ್ಲಿ, ಮೂರು ಅಲ್ಲಿ. ಆ ಮೂವರು ಯಾರೆಂಬುದೇ ಈಗ ತಕರಾರು. ಮ್ಯಾನೇಜರ್ ಪಕ್ಕ ಕೂರಲು ಯಾರಿಗೂ ಮನಸ್ಸಿಲ್ಲ, ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ. ಒಬ್ಬಳು ಗೋಡೆ ಪಕ್ಕದ ಸೀಟು ಬೇಡ ಅನ್ನುತ್ತಾಳೆ, ಇನ್ನೊಬ್ಬನಿಗೆ ಏಸಿ ಗಾಳಿ ನೇರ ನೆತ್ತಿಗೆ ಬಡಿಯುತ್ತದಂತೆ. ಅಷ್ಟರಲ್ಲಿ ದುಡ್ಡು ಕಟ್ಟುವ ಗಡುವು ಮುಗಿದು, ಹಿಡಿದಿಟ್ಟ ಸೀಟುಗಳು ಕೈಬಿಟ್ಟು ಹೋಗುತ್ತವೆ. ಮತ್ತೆ ಮೊದಲಿಂದ ಶುರು.

ಇದೇ ಜಗಳ ಒಂದು ಕಾಲಕ್ಕೆ ಮೆಜೆಸ್ಟಿಕ್‌ನ ಥಿಯೇಟರ್ ಬಾಗಿಲಲ್ಲಿ ನಡೆಯುತ್ತಿತ್ತು. ಗೇಟ್‌ಕೀಪರ್ ಸರಪಳಿ ತೆಗೆದದ್ದೇ ತಡ, ಗುಂಪಿನಲ್ಲಿ ಕಾಲು ಚುರುಕಾದವನು ಮುಂದೆ ಓಡಿ ಕರ್ಚೀಫು, ಟವೆಲ್ಲು, ಚಪ್ಪಲಿ, ಕೊನೆಗೆ ತನ್ನ ಎರಡೂ ಕೈಗಳನ್ನು ಹರಡಿ ಇಡೀ ಬಳಗಕ್ಕೆ ಜಾಗ ಹಿಡಿಯುತ್ತಿದ್ದ. ಹಾಗೆ ಹಿಡಿದದ್ದನ್ನು ಪಕ್ಕದವರು ಒಪ್ಪುತ್ತಿದ್ದರು, ಇಲ್ಲವೇ ಟವೆಲ್ ಎತ್ತಿ ಬಿಸಾಕುತ್ತಿದ್ದರು. ಎರಡೂ ನ್ಯಾಯವೇ.

ಸೀಟಿಗೆ ನಂಬರು ಅಂಟಿಸಿದ್ದು ಮಲ್ಟಿಪ್ಲೆಕ್ಸ್‌ನವರೇ ಎಂದು ಹೊಸ ಹುಡುಗರು ನಂಬಿದ್ದಾರೆ. ಹಾಗೇನಿಲ್ಲ. ಹಳೆಯ ಥಿಯೇಟರುಗಳಲ್ಲೂ ಅಡ್ವಾನ್ಸ್ ಬುಕಿಂಗ್ ಕಿಟಕಿಯ ಹಿಂದೆ ಒಬ್ಬ ಗುಮಾಸ್ತ ಕೂತು, ಬಾಲ್ಕನಿಯ ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗೀಟು ಹಾಕಿ, ತೆಳ್ಳನೆಯ ಟಿಕೆಟ್ಟಿನ ಹಿಂದೆ ಸಾಲು-ಸಂಖ್ಯೆ ಗೀಚಿಕೊಡುತ್ತಿದ್ದ. ಆದರೆ ಆ ಮರ್ಯಾದೆ ಬಾಲ್ಕನಿಗಷ್ಟೇ ಮೀಸಲು. ಮುಂದಿನ ಗಾಂಧಿ ಕ್ಲಾಸಿಗೆ ನಂಬರಿನ ಹಂಗಿರಲಿಲ್ಲ. ಅಲ್ಲಿ ಮೊದಲು ನುಗ್ಗಿದವನೇ ಯಜಮಾನ. 1968ರಲ್ಲಿ ಶುರುವಾದ ಕಪಾಲಿಯಂಥ ದೈತ್ಯ ಚಿತ್ರಮಂದಿರದಲ್ಲಿ ಹಬ್ಬದ ದಿನ ಆ ನುಗ್ಗಾಟವೇ ಒಂದು ಸಿನಿಮಾ. 2017ರಲ್ಲಿ ಕಪಾಲಿ ಬಾಗಿಲು ಹಾಕಿತು.

ಸೀಟು ಎಲ್ಲಿದೆ ಎಂಬುದರ ಮೇಲೆ ದರ ಹೇಳುವುದು ನಮಗೆ ಹುಟ್ಟಿದಾಗಿನಿಂದ ಗೊತ್ತು. ಟೆಂಟ್ ಸಿನಿಮಾದಲ್ಲಿ ನೆಲಕ್ಕೊಂದು ರೇಟು, ಬೆಂಚಿಗೊಂದು, ಕುರ್ಚಿಗೊಂದು. ಅಮೆರಿಕದ ಎಎಂಸಿ ಕಂಪನಿ 2023ರ ಫೆಬ್ರವರಿಯಲ್ಲಿ ಇದನ್ನೇ ಮಹಾ ಶೋಧವೆಂಬಂತೆ ಘೋಷಿಸಿತು: ನಡುವಿನ ಸೀಟಿಗೆ ಹೆಚ್ಚು, ಪರದೆಯ ಹತ್ತಿರದ ಸಾಲಿಗೆ ಕಡಿಮೆ. ಅಲ್ಲಿಯ ಜನ ರೇಗಿದರು. ಅಗ್ಗವಾಗಿದ್ದರೂ ಮುಂದಿನ ಸಾಲಿಗೆ ಜನ ಬರಲಿಲ್ಲ, ಜುಲೈ ಹೊತ್ತಿಗೆ ಕಂಪನಿ ಆ ಯೋಚನೆಯನ್ನೇ ಕೈಬಿಟ್ಟಿತು. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹಾಕಿ ಬೆಳೆದ ಒಬ್ಬನನ್ನು ಸಲಹೆಗಾರನಾಗಿ ಇಟ್ಟುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

ಬೆಂಗಳೂರಲ್ಲಿ ಪ್ರತಿ ಸೀಟಿಗೂ ನಂಬರು ಕಡ್ಡಾಯವಾದ ಕಾಲ 2004ರಿಂದೀಚೆಗಿನದು ಎನ್ನಬಹುದು. ಆ ವರ್ಷ ಕೋರಮಂಗಲದ ಫೋರಂ ಮಾಲ್‌ನಲ್ಲಿ ಪಿವಿಆರ್‌ನ ಹನ್ನೊಂದು ಪರದೆಗಳು ಬಂದವು. 2007ರಲ್ಲಿ ಬುಕ್‌ಮೈಶೋ ಬಂತು. ಆಮೇಲೆ ಮಾಲ್‌ಗಳು ಕಂಪನಿಗಳ ಬೆನ್ನು ಹಿಡಿದು ಊರಾಚೆ ಹೊರಟವು: ಮಹದೇವಪುರದಲ್ಲಿ ಫೀನಿಕ್ಸ್, ವೈಟ್‌ಫೀಲ್ಡ್ ದಾರಿಯಲ್ಲಿ ಶಾಂತಿನಿಕೇತನ, ಪೀಣ್ಯದ ಕಡೆಯವರಿಗೆ ಜಾಲಹಳ್ಳಿ ಕ್ರಾಸ್‌ನ ರಾಕ್‌ಲೈನ್, ಇನ್ನೂ ಸ್ವಲ್ಪ ಒಳಗೆ ಬಂದರೆ ಓರಾಯನ್. ಮಾರತ್‌ಹಳ್ಳಿಯಲ್ಲಿ ಬಿಎಂಟಿಸಿ ಕಂಡಕ್ಟರು ಇವತ್ತಿಗೂ ಕೂಗುವುದು ‘ತುಳಸಿ ಥಿಯೇಟರ್’ ಅಂತಲೇ. ಇಳಿಯುವವರಲ್ಲಿ ಬಹುಪಾಲು ಜನ ಪೀಜಿಗೆ ಹೋಗುವವರು, ಸಿನಿಮಾಕ್ಕಲ್ಲ.

ಈ ಹೊರವಲಯಕ್ಕೂ ನಂಬರಿನ ಸೀಟಿಗೂ ಗಂಟು ಬಿದ್ದದ್ದು ರಸ್ತೆಯಿಂದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದವನು ಏಳರ ಶೋಗೆ ಮುಟ್ಟುತ್ತಾನೆಯೇ ಎಂಬುದನ್ನು ಅವನಾಗಲಿ ಗೂಗಲ್ ಆಗಲಿ ಹೇಳಲಾರರು. 2010ರಲ್ಲಿ ಹೊಸೂರು ರಸ್ತೆಯ ಮೇಲೆ ಸುಮಾರು ಹತ್ತು ಕಿಲೋಮೀಟರಿನ ಮೇಲ್ಸೇತುವೆ ಬಂದಾಗ ಜನ ನಿಟ್ಟುಸಿರು ಬಿಟ್ಟರು; ಆ ಸೇತುವೆ ಅವರನ್ನು ಇನ್ನಷ್ಟು ಬೇಗ ತಂದು ಸಿಲ್ಕ್ ಬೋರ್ಡ್ ಕಡೆಯ ಜಾಮ್‌ನಲ್ಲಿ ಬಿಟ್ಟಿತು. ಕೆ.ಆರ್. ಪುರದ ತೂಗುಸೇತುವೆಯ ಬಳಿ ಸಿಕ್ಕಿಕೊಂಡವರ ಪಾಡೂ ಅದೇ. ಇಂಥ ಊರಲ್ಲಿ ‘ಬೇಗ ಬಂದವನಿಗೆ ಒಳ್ಳೆ ಸೀಟು’ ಎಂಬ ಹಳೆಯ ನಿಯಮ ನಡೆಯುವುದಾದರೂ ಹೇಗೆ? ಬೇಗ ಬರುವುದು ಇಲ್ಲಿ ಯಾರ ಕೈಯಲ್ಲೂ ಇಲ್ಲ. ಹಿಂದೆ ಮನುಷ್ಯ ಸೀಟಿಗಾಗಿ ಕಾಯುತ್ತಿದ್ದ, ಈಗ ಸೀಟು ಮನುಷ್ಯನಿಗಾಗಿ ಕಾಯುತ್ತದೆ. ಕನ್ವೀನಿಯನ್ಸ್ ಫೀ ಎಂದು ಅವನು ಗೊಣಗುತ್ತ ಕೊಡುವ ದುಡ್ಡು ನಿಜಕ್ಕೂ ಟ್ರಾಫಿಕ್ಕಿನ ಮೇಲೆ ಕಟ್ಟಿದ ವಿಮೆ. ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೊ 2023ರಲ್ಲಿ ಪೂರ್ತಿ ಜೋಡಣೆಯಾಯಿತು, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂತು. ಹಾಗೆಂದು ಈ ವಿಮೆ ಬೇಡ ಎಂದವರು ಇನ್ನೂ ಯಾರೂ ಸಿಕ್ಕಿಲ್ಲ.

ಕಾಯುವುದು ತಪ್ಪಿತು ಎಂದುಕೊಂಡರೆ, ಥಿಯೇಟರಿನವರು ಅದನ್ನು ಒಳಗೆ ಕೂರಿಸಿ ಮಾಡಿಸುತ್ತಾರೆ. 2023ರ ಡಿಸೆಂಬರಿನಲ್ಲಿ ಓರಾಯನ್ ಮಾಲ್‌ನಲ್ಲಿ ‘ಸ್ಯಾಮ್ ಬಹಾದೂರ್’ ನೋಡಲು ಹೋದ ಪ್ರೇಕ್ಷಕರೊಬ್ಬರು ಇದನ್ನು ಗ್ರಾಹಕರ ಆಯೋಗದವರೆಗೆ ಒಯ್ದರು. ಟಿಕೆಟ್ಟಿನಲ್ಲಿದ್ದದ್ದು 4.05, ಚಿತ್ರ ಶುರುವಾದದ್ದು 4.30ಕ್ಕೆ, ನಡುವೆ ಜಾಹೀರಾತು. 2025ರ ಫೆಬ್ರವರಿಯಲ್ಲಿ ಆಯೋಗ ಪಿವಿಆರ್-ಐನಾಕ್ಸ್ ವಿರುದ್ಧ ಆದೇಶ ಕೊಟ್ಟು, ಟಿಕೆಟ್ಟಿನ ಮೇಲೆ ಚಿತ್ರ ಶುರುವಾಗುವ ನಿಜವಾದ ಸಮಯವನ್ನೇ ಹಾಕಬೇಕೆಂದಿತು. ದೂರುದಾರರಿಗೆ ಪರಿಹಾರ, ಜೊತೆಗೆ ಒಂದು ಲಕ್ಷ ರೂಪಾಯಿ ದಂಡ. ಮಾರ್ಚ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಷ್ಟರೊಳಗೆ ಪ್ರೇಕ್ಷಕರು ತಮ್ಮದೇ ಉಪಾಯ ಕಂಡುಕೊಂಡಿದ್ದರು: ಸೀಟು ಹೇಗೂ ಓಡಿಹೋಗುವುದಿಲ್ಲ, ಕಾಲು ಗಂಟೆ ತಡವಾಗಿಯೇ ಹೋದರಾಯಿತು. ಅದರ ಫಲವೆಂದರೆ, ಹೆಸರುಗಳು ತೆರೆಗೆ ಬರುವ ಹೊತ್ತಿಗೆ ಸರಿಯಾಗಿ ಪಾಪ್‌ಕಾರ್ನ್ ತಟ್ಟೆ ಹಿಡಿದವರ ಮೆರವಣಿಗೆ ಇನ್ನೊಬ್ಬರ ಮೊಣಕಾಲು ತಿಕ್ಕುತ್ತ ಸಾಗುತ್ತದೆ.

ಆ ಮೆರವಣಿಗೆಯ ಕೊನೆಗೆ ಒಂದು ಸಂಭಾಷಣೆ ಕಾದಿರುತ್ತದೆ.

‘ಸಾರ್, ಎಫ್ ಹನ್ನೆರಡು, ಹದಿಮೂರು ನಮ್ಮದು.’

‘ಇದು ಎಫ್ ಸಾಲೇನ್ರೀ? ಜಿ ಅಲ್ವಾ?’

ಫೋನಿನ ಟಾರ್ಚು ಹತ್ತುತ್ತದೆ, ಮೆಟ್ಟಿಲ ಅಂಚಿನ ಮಾಸಿದ ಅಕ್ಷರ ಹುಡುಕುತ್ತದೆ. ಎಫ್ಫೇ. ಕೂತವರು ಏಳುವುದಿಲ್ಲ. ‘ಅಮ್ಮಂಗೆ ಮಂಡಿನೋವು, ನಮ್ಮದು ಬಿ ಸಾಲು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ನೀವು ಹುಡುಗ್ರು.’ ಬಂದವರಲ್ಲಿ ಒಬ್ಬ ಆಗಲೇ ಸೋತಿದ್ದಾನೆ, ಮದುವೆಯಾಗಿ ಆರು ತಿಂಗಳಾದ ಅವನ ಹೆಂಡತಿ ಸೋತಿಲ್ಲ. ಹಿಂದಿನ ಸಾಲಿನಿಂದ ಯಾರೋ ‘ಕೂತ್ಕೊಳ್ರೀ’ ಎಂದು ತೆಲುಗು ಉಚ್ಚಾರದ ಕನ್ನಡದಲ್ಲಿ ಗದರುತ್ತಾರೆ. ಅಡ್ಜಸ್ಟ್ ಮಾಡುವುದನ್ನು ಧರ್ಮವೆಂದುಕೊಂಡ ಈ ಊರಿಗೂ ಸಾಲು-ಸಂಖ್ಯೆ ಬರೆದುಕೊಟ್ಟ ಟಿಕೆಟ್ಟಿಗೂ ಇನ್ನೂ ಪೂರ್ತಿ ರಾಜಿಯಾಗಿಲ್ಲ. ಮಂಡಿನೋವಿನ ತಾಯಿ ಇದ್ದರೆ ಟಿಕೆಟ್ ಸೋಲುವುದೇ ಹೆಚ್ಚು, ಸೋಲಬೇಕಾದ್ದೂ ಹೌದು. ಆದರೆ ಆ ತಾಯಿ ಎಲ್ಲ ಸಲವೂ ಬಂದಿರುವುದಿಲ್ಲ.

ನಂಬರಿಗೆ ಒಂದು ಗಂಭೀರ ಮುಖವೂ ಇದೆ. ಹಳೆಯ ದಿನಗಳಲ್ಲಿ ಹೌಸ್‌ಫುಲ್ ಬೋರ್ಡ್ ಹಾಕಿದ ಮೇಲೂ ಕಬ್ಬಿಣದ ಕುರ್ಚಿ ತಂದು ಓಡಾಡುವ ದಾರಿಯಲ್ಲಿ ಹಾಕಿ ನಾಲ್ಕಾರು ಜನರನ್ನು ಕೂರಿಸುವುದು ಧಾರಾಳತನವೆನಿಸಿಕೊಳ್ಳುತ್ತಿತ್ತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಸೇರಿಸಿ ಹೊರಹೋಗುವ ದಾರಿ ಮುಚ್ಚಿದ್ದು ಆ ಸಾವುಗಳಿಗೆ ಒಂದು ಕಾರಣ. ಫೋನಿನಲ್ಲಿ ಕಾಣುವ ಚೌಕಗಳ ಚಿತ್ರ ಬರೀ ವ್ಯಾಪಾರದ ಚಿತ್ರವಲ್ಲ, ಲೈಸೆನ್ಸಿನ ಜೊತೆ ಒಪ್ಪಿಗೆ ಪಡೆದ ನಕ್ಷೆಯ ನೆರಳು.

ಆ ಚೌಕಗಳು ವಿಚಿತ್ರ ಕಾರಣಗಳಿಗೆ ಖಾಲಿ ಉಳಿದದ್ದೂ ಉಂಟು. ಕೊರೊನಾ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ ಥಿಯೇಟರುಗಳು ತೆರೆದಾಗ ಅರ್ಧದಷ್ಟೇ ಸೀಟು. ಒಂದು ಬಿಟ್ಟು ಒಂದಕ್ಕೆ ಅಡ್ಡಪಟ್ಟಿ. ಗಂಡ ಹೆಂಡತಿ ಒಂದೇ ಸ್ಕೂಟರಿನಲ್ಲಿ ಅಂಟಿಕೊಂಡು ಬಂದು, ಒಳಗೆ ನಡುವೆ ಒಂದು ಕುರ್ಚಿ ಬಿಟ್ಟು ಕೂತರು. 2021ರ ಏಪ್ರಿಲ್ 1ರಂದು ಪುನೀತ್ ರಾಜ್‌ಕುಮಾರ್ ಅವರ ‘ಯುವರತ್ನ’ ತೆರೆಕಂಡ ಬೆನ್ನಿಗೇ ಸರ್ಕಾರ ಮತ್ತೆ ಅರ್ಧ ಸೀಟಿನ ನಿಯಮ ತಂದಾಗ ಚಿತ್ರತಂಡ ಗೋಗರೆಯಿತು. ಕೆಲವು ದಿನಗಳ ಬಿಡುವು ಸಿಕ್ಕಿತು, ಅಷ್ಟೇ. ಮರುವರ್ಷ ಪುನೀತ್ ಇಲ್ಲದೆ ಅವರ ಚಿತ್ರಗಳು ಬಂದಾಗ ಕೆಲವೆಡೆ ಅಭಿಮಾನಿಗಳು ಅಪ್ಪುಗೆಂದು ಒಂದು ಸೀಟು ಬಿಟ್ಟರು. 2023ರ ಜೂನ್‌ನಲ್ಲಿ ‘ಆದಿಪುರುಷ್’ ನಿರ್ಮಾಪಕರು ಪ್ರತಿ ಥಿಯೇಟರಿನಲ್ಲೂ ಹನುಮಂತನಿಗೆ ಒಂದು ಸೀಟು ಮೀಸಲೆಂದು ಸಾರಿದರು. ಹನುಮನ ಪಕ್ಕದ ಸೀಟಿಗೆ ಹೆಚ್ಚಿನ ದರವಂತೆ ಎಂದು ಸುದ್ದಿ ಹಬ್ಬಿ, ಅದು ಸುಳ್ಳು ಎಂದು ಅವರೇ ಸ್ಪಷ್ಟನೆ ಕೊಡಬೇಕಾಯಿತು. ಅಂಥ ಸುದ್ದಿಯನ್ನು ಜನ ಒಂದು ಗಳಿಗೆ ನಂಬಿದರು ಎನ್ನುವುದರಲ್ಲೇ ಮಲ್ಟಿಪ್ಲೆಕ್ಸಿನ ಬಗ್ಗೆ ಅವರ ಅಭಿಪ್ರಾಯ ಇದೆ.

ದರದ ಮಾತು ಪೀಣ್ಯದಲ್ಲಿ ಬೇರೆಯೇ ತೂಕ ಪಡೆಯುತ್ತದೆ. ಲೇತ್ ಮುಂದೆ ಎಂಟು ಗಂಟೆ ನಿಂತು, ಎರಡಕ್ಕೆ ಫಸ್ಟ್ ಶಿಫ್ಟ್ ಮುಗಿಸಿ, ಕೈಯ ಆಯಿಲ್ ಕಲೆಯನ್ನು ಸೋಪಿನ ಪುಡಿಯಲ್ಲಿ ತಿಕ್ಕಿ ತೊಳೆದು ಮ್ಯಾಟಿನಿಗೆ ಹೋಗುವ ಹುಡುಗನಿಗೆ ಯಾವ ಸಾಲು ಎಂಬುದಕ್ಕಿಂತ ಎಷ್ಟು ರೂಪಾಯಿ ಎಂಬುದೇ ಮುಖ್ಯ. ಅವನು ಶುಕ್ರವಾರ ಬಿಟ್ಟು ಸೋಮವಾರ ಹೋಗುತ್ತಾನೆ, ಸಂಜೆ ಬಿಟ್ಟು ಮಧ್ಯಾಹ್ನ ಹೋಗುತ್ತಾನೆ. ಒಂದೇ ಸೀಟಿಗೆ ವಾರದ ದಿನ ಒಂದು ದರ, ವಾರಾಂತ್ಯಕ್ಕೆ ಇನ್ನೊಂದು ಎನ್ನುವುದನ್ನು ಟೆಕ್ ಪಾರ್ಕಿನವರಿಗಿಂತ ಚೆನ್ನಾಗಿ ಬಲ್ಲ. ಸಿಂಗಲ್ ಸ್ಕ್ರೀನ್ ಇನ್ನೂ ಉಳಿದಿರುವ ಕಡೆ ಕೌಂಟರಿನಲ್ಲಿ ನಗದು ಕೊಟ್ಟು ಒಳಗೆ ಹೋಗಿ, ಫ್ಯಾನಿನ ಕೆಳಗೆ ಖಾಲಿ ಇರುವ ಸೀಟು ನೋಡಿ ಕೂರುತ್ತಾನೆ. ಟಿಕೆಟ್ಟಿನ ಮೇಲೆ ನಂಬರು ಇದ್ದರೂ ಮಂಗಳವಾರದ ಮ್ಯಾಟಿನಿಯಲ್ಲಿ ಅದನ್ನು ಕೇಳುವವರಿಲ್ಲ.

2025ರ ಆಗಸ್ಟ್‌ನಲ್ಲಿ ರಜನಿಕಾಂತ್ ಅವರ ‘ಕೂಲಿ’ ಬಂದಾಗ ಬೆಂಗಳೂರಿನ ಕೆಲವು ಪರದೆಗಳಲ್ಲಿ ಒಂದು ಸೀಟಿನ ಬೆಲೆ ಎರಡು ಸಾವಿರದ ಹತ್ತಿರ ಹೋಗಿತ್ತು. ಚಿತ್ರದ ನಾಯಕ ಹೆಸರಿಗೆ ಕೂಲಿಯವನು. ಸರ್ಕಾರ ಸೆಪ್ಟೆಂಬರ್ 12ರಂದು ಚಲನಚಿತ್ರ ನಿಯಮಗಳಿಗೆ ತಿದ್ದುಪಡಿ ತಂದು, ತೆರಿಗೆ ಬಿಟ್ಟು ಟಿಕೆಟ್ಟಿಗೆ ಗರಿಷ್ಠ 200 ರೂಪಾಯಿ ಎಂದು ನಿಗದಿ ಮಾಡಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ಮಾತ್ರ ವಿನಾಯಿತಿ. 2017ರಲ್ಲೂ ಇಂಥದೇ ಮಿತಿ ತರುವ ಪ್ರಯತ್ನ ನಡೆದಿತ್ತು. ಈ ಸಲ ಮಲ್ಟಿಪ್ಲೆಕ್ಸ್‌ಗಳೂ ನಿರ್ಮಾಪಕರೂ ಕೋರ್ಟಿಗೆ ಹೋದರು, ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅಕ್ಟೋಬರ್ 2ಕ್ಕೆ ‘ಕಾಂತಾರ’ದ ಪೂರ್ವಕಥೆಯ ಚಿತ್ರ ಬರುವಷ್ಟರಲ್ಲಿ ದರ ಮತ್ತೆ ಮಾಲೀಕರ ಕೈಯಲ್ಲೇ ಇತ್ತು.

ಮೇಲ್ಮನವಿ ಕೇಳಿದ ವಿಭಾಗೀಯ ಪೀಠ ತಡೆಯನ್ನು ತೆಗೆಯಲಿಲ್ಲ, ಒಂದು ಷರತ್ತು ಹಾಕಿತು. ಮಲ್ಟಿಪ್ಲೆಕ್ಸ್‌ಗಳು ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕ ಇಡಬೇಕಿತ್ತು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ರೀತಿ ಬುಕಿಂಗ್, ದುಡ್ಡು ಕಟ್ಟಿದ್ದು ಹೇಗೆ, ಎಷ್ಟು. ನಾಳೆ ಸರ್ಕಾರವೇ ಗೆದ್ದರೆ ಹೆಚ್ಚುವರಿ ಹಣ ವಾಪಸ್ ಕೊಡಲು ದಾರಿ ಇರಲೆಂದು. ಫೋನಿನಲ್ಲಿ ಬುಕ್ ಮಾಡಿದ ವೈಟ್‌ಫೀಲ್ಡ್‌ನವರ ಹಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬಹುದಿತ್ತು. ನಗದು ಕೊಟ್ಟವರಿಗೂ ಪತ್ತೆ ಸಿಗುವಂಥ ರಸೀದಿ ಕೊಡಬೇಕೆಂದು ಪೀಠ ಹೇಳಿತು. ಪೀಣ್ಯದ ಹುಡುಗ ಆ ಚೀಟಿಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಮನೆಗೆ ಹೋಗುತ್ತಾನೆ, ಪ್ಯಾಂಟು ಭಾನುವಾರ ಬಕೆಟ್ಟಿಗೆ ಬೀಳುತ್ತದೆ.