ಗೆದ್ದವನ ಬೇಸರ

ಪಂಪನ ‘ಆದಿಪುರಾಣ’ದಲ್ಲಿ (ಕ್ರಿ.ಶ. 941) ಭರತನ ದಿಗ್ವಿಜಯದ ತುದಿಯಲ್ಲಿ ಒಂದು ಮುಖಭಂಗವಿದೆ. ಷಟ್ಖಂಡಗಳನ್ನು ಗೆದ್ದ ಹಿರಿಮೆಯನ್ನು ಬರೆಯಿಸಲು ಅವನು ವೃಷಭಾಚಲಕ್ಕೆ ಹೋದರೆ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬೆಟ್ಟವೇ ತುಂಬಿಹೋಗಿದೆ. ಅವನ ಗರ್ವ ಇಳಿಯುತ್ತದೆ. ಆದರೂ ಒಬ್ಬನ ಹೆಸರನ್ನು ಅಳಿಸಿ ಅಲ್ಲಿ ತನ್ನದನ್ನು ಬರೆಯಿಸುತ್ತಾನೆ. ತಿಳಿವು ಮೂಡಿತು, ನಡತೆ ಮಾತ್ರ ಹಾಗೆಯೇ ಉಳಿಯಿತು.

ಅದೇ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ತಮ್ಮಂದಿರು ಇನ್ನೂ ಎರಗಿಲ್ಲ. ಅವರಲ್ಲಿ ಬಹುಮಂದಿ ಎರಗಲೊಲ್ಲದೆ ತಂದೆಯ ಬಳಿ ಹೋಗಿ ದೀಕ್ಷೆ ಪಡೆಯುತ್ತಾರೆ. ಪೌದನಪುರದ ಬಾಹುಬಲಿ ಎರಗುವುದೂ ಇಲ್ಲ, ಹೊರಟುಹೋಗುವುದೂ ಇಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆಲ್ಲುತ್ತಾನೆ. ಸೋತ ಅಣ್ಣ ತಮ್ಮನ ಮೇಲೆ ಚಕ್ರವನ್ನೇ ಬಿಡುತ್ತಾನೆ. ಅದು ಬಾಹುಬಲಿಯನ್ನು ಬಲಗೊಂಡು ನಿಲ್ಲುತ್ತದೆ. ರಾಜ್ಯ ಕೈಗೆ ಬಂದ ಆ ಗಳಿಗೆಯಲ್ಲೇ ಅವನು ಅದನ್ನು ಬಿಟ್ಟು ನಡೆಯುತ್ತಾನೆ.

ಈ ತ್ಯಾಗಕ್ಕೆ ಕಾರಣವೇನೆಂಬ ಪ್ರಶ್ನೆಗೆ ಗೈಡುಗಳಲ್ಲಿ ಸಿದ್ಧ ಉತ್ತರವೊಂದಿದೆ: ವೈರಾಗ್ಯ. ಕೆಲವು ವರ್ಷಗಳ ಹಿಂದೆ ಕಿರುಪರೀಕ್ಷೆಯೊಂದರಲ್ಲಿ ಒಬ್ಬ ವಿದ್ಯಾರ್ಥಿನಿ ಹಾಗೆ ಬರೆದಿರಲಿಲ್ಲ. “ಅವನಿಗೆ ರಾಜ್ಯ ಬೇಸರವಾಗಲಿಲ್ಲ, ಅಣ್ಣ ಬೇಸರವಾದ. ನಂಬಿದವರು ಸಣ್ಣವರಾಗಿ ಕಂಡಾಗ ಗೆದ್ದದ್ದೂ ಬೇಡವಾಗುತ್ತದೆ” ಎಂದು ಬರೆದಿದ್ದಳು. ಪೂರ್ಣ ಅಂಕ ಕೊಟ್ಟೆ. ಮರುದಿನ ಬಂದು, “ಸರ್, ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಬರೆಯಲೇ?” ಎಂದು ಕೇಳಿದಳು. ಅವಳ ವಿದ್ಯಾರ್ಥಿವೇತನ ಅಂಕಗಳ ಮೇಲೆ ನಿಂತಿತ್ತು. ಆ ಪತ್ರಿಕೆಯನ್ನು ನೋಡುವವರು ಯಾರೋ. “ಪಠ್ಯದಿಂದ ಆಧಾರ ಕೊಟ್ಟು ಬರೆಯಮ್ಮ” ಎಂದೆ. ಅಧ್ಯಾಪಕರು ಸುಲಭವಾಗಿ ಹೇಳಬಹುದಾದ ಮಾತು ಅದು. ಅಂಕ ಹೋದರೆ ಹೋಗುವುದು ಅವಳದು.

ಆದರೆ ಆಧಾರ ಹುಡುಕುತ್ತ ಹೋದವಳು ತನ್ನ ಉತ್ತರಕ್ಕೇ ತೊಡಕಾಗುವ ಜಾಗಕ್ಕೆ ಬಂದು ನಿಂತಳು. ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಏಕೆ ಆಗಲಿಲ್ಲ? ತಾನು ನಿಂತ ನೆಲ ಭರತನದೆಂಬ ಮುಳ್ಳು ಒಳಗೆ ಉಳಿದಿತ್ತು ಎನ್ನುತ್ತದೆ ನಮ್ಮಲ್ಲಿ ಪ್ರಚಲಿತವಾದ ಕಥೆ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಅಳಲು ಎನ್ನುತ್ತದೆ ಜಿನಸೇನರ ಸಂಸ್ಕೃತ ಪುರಾಣ. ಶ್ವೇತಾಂಬರ ಕಥೆಯಲ್ಲಂತೂ, ಮೊದಲೇ ದೀಕ್ಷೆ ಪಡೆದ ಕಿರಿಯರಿಗೆ ನಮಿಸಬೇಕಾಗುತ್ತದೆಂಬ ಬಿಗುಮಾನ. ಬ್ರಾಹ್ಮಿ, ಸುಂದರಿ ಬಂದು ಆನೆಯಿಂದ ಇಳಿಯೆಂದು ತಿಳಿಹೇಳಬೇಕಾಯಿತು. ಮೂರರಲ್ಲಿ ನನಗೆ ಹೆಚ್ಚು ಹಿಡಿಸುವುದು ನೆಲದ ಮುಳ್ಳು. ಚಕ್ರವರ್ತಿಗೆ ತಲೆಬಾಗದವನು ಚಕ್ರವರ್ತಿಯ ಒಡೆತನವನ್ನು ಮಾತ್ರ ಮನಸ್ಸಿನೊಳಗೆ ಒಪ್ಪಿಕೊಂಡೇ ನಿಂತಿದ್ದ! ಆ ನೆಲ ಯಾರದೂ ಅಲ್ಲವೆಂಬುದಕ್ಕೆ ವೃಷಭಾಚಲದ ಬಂಡೆ ಸಾಕ್ಷಿಯಾಗಿತ್ತು. ಆದರೆ ಅದನ್ನು ಓದಿದ್ದವನು ಭರತ, ಬಾಹುಬಲಿಯಲ್ಲ.

ಇದನ್ನು ಅವಳಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವನ ಬೇಸರ ಸುಳ್ಳಲ್ಲ ಸರ್, ಇನ್ನೂ ಮುಗಿದಿರಲಿಲ್ಲ ಅಷ್ಟೆ” ಎಂದಳು. ವಾರ್ಷಿಕ ಪರೀಕ್ಷೆಯಲ್ಲಿ ಏನು ಬರೆದಳೆಂದು ನಾನು ಕೇಳಲಿಲ್ಲ.