ಎರಡು ರೂಪಾಯಿಗಳ ಲೆಕ್ಕ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ ಹೊರಟಾಗ ಬೆಳಗ್ಗೆ ಒಂಬತ್ತು ಗಂಟೆ. ಸೊಲ್ಲಾಪುರದ ಹೆದ್ದಾರಿಯ ಎರಡೂ ಬದಿಗೆ ತೊಗರಿ ಹೊಲಗಳು. ಜೊತೆಗಿದ್ದವನು ನನ್ನ ತಂಗಿಯ ಮಗ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ನನ್ನ ಚೀಲದಲ್ಲಿ ಎರಡು ಹಳೆಯ ನಿಕಾಹ್‌ನಾಮಾಗಳಿದ್ದವು.

ಒಂದು ನನ್ನ ನಾನಿಯದು. ನಿಜಾಮರ ಕಾಲದಲ್ಲಿ ಕಲ್ಯಾಣಿಯಲ್ಲಿ ಬರೆದದ್ದು. ಮೆಹರ್ 700 ರೂಪಾಯಿ. ಇನ್ನೊಂದು ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ನಾನಿಯ ತಂಗಿಯದು. ಅದರಲ್ಲಿ 600. 'ಅಕ್ಕನಿಗೆ ನೂರು ಹೆಚ್ಚು, ನನಗೆ ಕಡಿಮೆ' ಎಂಬ ನೋವು ಅವರಿಗೆ ಕೊನೆಯವರೆಗೂ ಇತ್ತು. ಅವರ ಮಗಳು ಖಾಲಾ ಈಗ ಬಸವಕಲ್ಯಾಣದಲ್ಲಿದ್ದಾರೆ. ಅವರನ್ನು ನೋಡಲೆಂದೇ ಈ ಪ್ರಯಾಣ.

ಉರ್ದು ಅಕ್ಷರಗಳನ್ನು ಬಿಡಿಸಿ ಓದಿದಾಗ ವಿಷಯ ತಿಳಿಯಿತು. ಕಲ್ಯಾಣಿಯ ಕಾಗದದಲ್ಲಿ 'ಸಿಕ್ಕಾ ಹಾಲಿ' ಎಂದಿತ್ತು. ಅದು ಹೈದರಾಬಾದಿನ ನಾಣ್ಯ. ಸೊಲ್ಲಾಪುರದ್ದರಲ್ಲಿ 'ಕಲ್ದಾರ್' ಎಂದಿತ್ತು. ಅದು ಬ್ರಿಟಿಷರ ನಾಣ್ಯ. 116 ರೂಪಾಯಿ 10 ಆಣೆ 8 ಪೈ ಹಾಲಿಗೆ 100 ಕಲ್ದಾರ್ ಎಂಬುದು ಸರಕಾರಿ ದರ. ಅಂದರೆ ಏಳಕ್ಕೆ ಆರು. 700 ಹಾಲಿ ಎಂದರೆ ಸರಿಯಾಗಿ 600 ಕಲ್ದಾರ್!

"ಮಾಮೂ, ವಿಜ್ಞಾನಿಗಳಿಗೂ ಹೀಗೇ ಆಗಿತ್ತು" ಎಂದ ಹುಡುಗ. ಅಮೆರಿಕದ ಚಿಕಾಗೋ ಬಳಿ ಫರ್ಮಿಲ್ಯಾಬ್‌ನಲ್ಲಿ ಟೆವಟ್ರಾನ್ ಎಂಬ ದೊಡ್ಡ ಯಂತ್ರವಿತ್ತು. 2011ರಲ್ಲಿ ಅದನ್ನು ನಿಲ್ಲಿಸಿದರು. ಅದರ ಒಂದೇ ಉಂಗುರದ ಮೇಲೆ ಸಿಡಿಎಫ್ ಮತ್ತು ಡಿಜೀರೋ ಎಂಬ ಎರಡು ತಂಡಗಳು ಪ್ರೋಟಾನ್ ಮತ್ತು ಪ್ರತಿಪ್ರೋಟಾನ್‌ಗಳ ಡಿಕ್ಕಿಗಳನ್ನು ನೋಡುತ್ತಿದ್ದವು. ಒಂದು ಬಗೆಯ ಘಟನೆ ನಡೆಯುವ ಸಾಧ್ಯತೆ ತಿಳಿಯಲು ಅಂಥ ಘಟನೆಗಳನ್ನು ಎಣಿಸಿದರೆ ಸಾಲದು. ಒಟ್ಟು ಎಷ್ಟು ಕಿರಣ ಎದುರುಬದುರಾಯಿತು ಎಂಬ ಲೆಕ್ಕದಿಂದ ಭಾಗಿಸಬೇಕು. ಆ ಭಾಜಕವನ್ನು ಹಿಡಿಯಲು ಇನ್ನೊಂದು ಗೊತ್ತಿರುವ ಅಳತೆ ಬೇಕು. 1990ರ ದಶಕದಲ್ಲಿ ಸಿಡಿಎಫ್ ತಾನೇ ಅಳೆದ ಸಂಖ್ಯೆಯನ್ನು ಬಳಸಿತು. ಡಿಜೀರೋ ಹಲವು ಪ್ರಯೋಗಗಳ ಸರಾಸರಿಯನ್ನು ಬಳಸಿತು. ಎಣಿಕೆಯಲ್ಲಿ ತಪ್ಪಿಲ್ಲದಿದ್ದರೂ ಸಿಡಿಎಫ್‌ನ ಉತ್ತರಗಳು ಸುಮಾರು ಶೇಕಡಾ 6ರಷ್ಟು ಹೆಚ್ಚು ಬರುತ್ತಿದ್ದವು.

"ಆಮೇಲೆ ಸರಿಯಾಯಿತೇ?" ಎಂದು ಕೇಳಿದೆ.

"2003ರಲ್ಲಿ ಹಳೆಯ ಅಳತೆಗಳನ್ನು ಕೂಡಿಸಿ 60.7 ಮಿಲಿಬಾರ್ನ್ ಎಂಬ ಒಂದೇ ಸಂಖ್ಯೆ ತೆಗೆದರು. ಎರಡೂ ತಂಡಗಳು ಅದನ್ನೇ ಹಿಡಿದವು. ಆದರೆ ಮೂಲ ಅಳತೆಗಳ ನಡುವಿನ ಭಿನ್ನತೆಯನ್ನು ಮುಚ್ಚಿಡಲಿಲ್ಲ. ಶೇಕಡಾ 4ರಷ್ಟು ಸಂದೇಹವಿದೆ ಎಂದೂ ಬರೆದರು."

ಸಸ್ತಾಪುರ ಬಂಗ್ಲಾದಲ್ಲಿ ಬಸ್ ಹೆದ್ದಾರಿ ಬಿಟ್ಟು ಒಳಗೆ ತಿರುಗಿತು. ಚಾಲುಕ್ಯರ ರಾಜಧಾನಿ, ಶರಣರ ನೆಲ, ನವಾಬರ ಜಾಗೀರು ಎಲ್ಲವೂ ಆಗಿದ್ದ ಊರು. ಕೋಟೆಯನ್ನು ಆಮೇಲೆ ನೋಡೋಣವೆಂದು ನೇರ ಮನೆಗೆ ನಡೆದೆವು.

ಖಾಲಾ ಎರಡೂ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡರು. ಬಹಳ ಹೊತ್ತು ಸುಮ್ಮನಿದ್ದು, "ಅಮ್ಮ ಇದ್ದಾಗಲೇ ಯಾರಾದರೂ ಇದನ್ನು ಓದಿ ಹೇಳಬಾರದಿತ್ತೇ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾಗದ ನಮ್ಮ ಮನೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇತ್ತು. ಉರ್ದು ಓದಬಲ್ಲ ನಾನೂ ಅದೇ ಮನೆಯಲ್ಲಿದ್ದೆ.