ಸಕ್ಕರೆ ಬಿಟ್ಟವರ ಊಟ

ದಾವಣಗೆರೆಯಲ್ಲಿ ಮಂಡಕ್ಕಿಯಷ್ಟು ಹಗುರವಾದ ಪದಾರ್ಥ ಮತ್ತೊಂದಿಲ್ಲ; ಆದಕಾರಣವೇ ಅದಕ್ಕೆ ದೊರೆತಿರುವ ಸತ್ಕೀರ್ತಿಯೂ ದೊಡ್ಡದು. ಸಿಹಿಮೂತ್ರ ರೋಗವೆಂದು ವೈದ್ಯರ ಬಾಯಿಂದ ಕೇಳಿ, ಅಂದೇ ಚಹದೊಳಗಿನ ಸಕ್ಕರೆಯನ್ನು ಪರಿತ್ಯಜಿಸಿ ಮನೆಗೆ ಬಂದ ಗೃಹಸ್ಥನು ಸಂಜೆ ಹಸಿವಾದಾಗ, "ಬೇರೇನೂ ಬೇಡ, ಒಂದಿಷ್ಟು ಮಂಡಕ್ಕಿ ಒಗ್ಗರಣೆ ಹಾಕು, ಸಾಕು" ಎಂದು ಮಹಾ ಪಥ್ಯವಂತನ ಧ್ವನಿಯಲ್ಲಿ ಹೇಳುತ್ತಾನೆ. ಭಟ್ಟಿಯ ಕಾದ ಮರಳಿನಲ್ಲಿ ಉಬ್ಬಿದ ಮಾತ್ರಕ್ಕೆ ಅಕ್ಕಿಯು ಅಕ್ಕಿತನವನ್ನು ಬಿಡುವುದಿಲ್ಲವಷ್ಟೆ. ತೂಕಕ್ಕೆ ತೂಕ ಹಿಡಿದರೆ ಎರಡರಲ್ಲಿಯೂ ಇರುವ ಪಿಷ್ಟವು ಹೆಚ್ಚುಕಡಿಮೆ ಒಂದೇ. ಜೀರ್ಣವಾಗಿ ರಕ್ತಕ್ಕೆ ಸಕ್ಕರೆಯಾಗಿ ಸೇರುವುದರಲ್ಲಿ ಮಂಡಕ್ಕಿಗೇ ಅವಸರ ಜಾಸ್ತಿ. ಜೊತೆಗೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಎರಡು ಬಂದು ಕುಳಿತವೆಂದರೆ, ಚಹದಲ್ಲಿ ಉಳಿಸಿದ ಒಂದು ಚಮಚ ಸಕ್ಕರೆಯ ಲೆಕ್ಕವನ್ನು ಯಾವ ಕಡತದಲ್ಲಿ ಬರೆಯತಕ್ಕದ್ದು?

ಸಕ್ಕರೆ ಕಾಯಿಲೆಯೆಂದು ಜನರು ಇಟ್ಟ ಹೆಸರೇ ಈ ಭ್ರಮೆಯ ಮೂಲವಾಗಿರಬೇಕು. ಹೆಸರಿನಲ್ಲಿ ಸಕ್ಕರೆಯಿರುವುದರಿಂದ ಸಕ್ಕರೆಯನ್ನು ಬಿಟ್ಟರೆ ಕಾಯಿಲೆಯೂ ಬಿಟ್ಟೀತೆಂದು ತೋರುತ್ತದೆ. ಅನ್ನದ ಬದಲು ಜೋಳದ ರೊಟ್ಟಿ ತಿನ್ನುವವರೂ ರೊಟ್ಟಿಗೆ ಲೆಕ್ಕವಿಡುವುದಿಲ್ಲ. ರಾಗಿ ಮುದ್ದೆಯು ಔಷಧವೆಂದು ಕೇಳಿದವರು ಒಂದರ ಜಾಗದಲ್ಲಿ ಎರಡು ನುಂಗುತ್ತಾರೆ. ಧಾನ್ಯದ ಜಾತಿಯನ್ನು ವಿಚಾರಿಸುವವರು ಬಹಳ, ಅಳತೆಯನ್ನು ವಿಚಾರಿಸುವವರು ವಿರಳ.

ಈ ಸೀಮೆಯ ಊಟವು ಹಿಂದಿನಿಂದಲೂ ಹೀಗಿರಲಿಲ್ಲ. ಭದ್ರಾ ನಾಲೆಯ ನೀರು ಹರಿಯುವುದಕ್ಕೆ ಮೊದಲು ಇಲ್ಲಿನ ಹೊಲಗಳಲ್ಲಿ ಜೋಳ, ನವಣೆ, ಹತ್ತಿಗಳೇ ಮುಖ್ಯವಾಗಿದ್ದವು; ಅಕ್ಕಿಯ ಅನ್ನವೆಂಬುದು ಹಬ್ಬದ ಮಾತು. ಊರಿಗೆ ಹೆಸರು ತಂದ ಬೆಣ್ಣೆದೋಸೆ ಕೂಡ ಮೊದಲು ರಾಗಿ ಹಿಟ್ಟಿನಿಂದ ಆಗುತ್ತಿತ್ತೆಂದೂ, ಅಕ್ಕಿಯ ಹಿಟ್ಟು ಅನಂತರ ಬಂದಿತೆಂದೂ ಐತಿಹ್ಯವುಂಟು. ನಾಲೆ ಬಂದಿತು, ಗದ್ದೆಯಾಯಿತು, ಅನ್ನವು ಮೂರು ಹೊತ್ತಿಗೂ ಒದಗಿತು. ಹಸಿವನ್ನು ಕಂಡ ತಲೆಮಾರಿಗೆ ಇದು ಪುಣ್ಯವೇ ಸರಿ. ಅದನ್ನು ಹಳಿಯುವುದು ಕೃತಘ್ನತೆ. ಆದರೆ ಅನ್ನವು ಹೆಚ್ಚಿದ ಕಾಲದಲ್ಲಿಯೇ ಮೈಯ ದುಡಿಮೆಯು ಇಳಿಯಿತು. ದಾವಣಗೆರೆಯ ಹತ್ತಿಯ ಗಿರಣಿಗಳು ಒಂದೊಂದಾಗಿ ನಿಂತುಹೋದವು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ, ಲೇತ್ ಯಂತ್ರಗಳಿಗೆ ಪ್ರಸಿದ್ಧವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಕಾರ್ಖಾನೆಗೆ ಸೈಕಲ್ ತುಳಿದವರ ಮಕ್ಕಳು ಕುರ್ಚಿಯ ಮೇಲೆ ಕುಳಿತು ಸಂಪಾದಿಸುತ್ತಿದ್ದಾರೆ. ತಟ್ಟೆ ಮಾತ್ರ ತಂದೆಯ ಕಾಲದ್ದೇ.

ರೋಗವಾದರೂ ಹೊಸದಲ್ಲ. ಸುಶ್ರುತನು ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಭಾಗಿಸಿ, ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿದ್ದಾನೆ. ಧನವಿಲ್ಲದ ರೋಗಿಗೆ ಅವನು ವಿಧಿಸಿದ ಚಿಕಿತ್ಸೆಯೂ ಸ್ವಾರಸ್ಯವಾಗಿದೆ: ಪಾದರಕ್ಷೆಯಿಲ್ಲದೆ, ಭಿಕ್ಷಾನ್ನವನ್ನುಣ್ಣುತ್ತ, ನೂರು ಯೋಜನ ನಡೆಯತಕ್ಕದ್ದು. ಇದೇ ಸತ್ಯವನ್ನು ಯೂರೋಪು ಬೇರೊಂದು ಬಗೆಯಲ್ಲಿ ಕಂಡಿತು. 1870-71ರಲ್ಲಿ ಪ್ಯಾರಿಸ್ ನಗರವನ್ನು ಶತ್ರುಸೈನ್ಯವು ಮುತ್ತಿ ಆಹಾರಕ್ಕೆ ತತ್ವಾರವಾದಾಗ, ಬೂಶಾರ್ದಾ ಎಂಬ ವೈದ್ಯನು ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆಯು ಇಳಿದುದನ್ನು ಗಮನಿಸಿದನು. 1921ರಲ್ಲಿ ಕೆನಡದ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತು, ಸಾಯುವುದೇ ಗತಿಯಾಗಿದ್ದ ಮಕ್ಕಳು ಬದುಕಿದರು. ಆ ಮಹೋಪಕಾರದ ಬೆಳಕಿನಲ್ಲಿ ಉಪವಾಸದ ಹಳೆಯ ಮಾತು ಸ್ವಲ್ಪ ಮಸುಕಾಯಿತು.

ಅದನ್ನು ಮತ್ತೆ ಎತ್ತಿದವರು ಇಂಗ್ಲೆಂಡಿನ ನ್ಯೂಕಾಸಲ್‌ನ ರಾಯ್ ಟೇಲರ್. ನಡುವಯಸ್ಸಿನಲ್ಲಿ ಬರುವ ಮಧುಮೇಹದಲ್ಲಿ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಗಳೊಳಗೆ ಕೊಬ್ಬು ಸೇರಿಕೊಂಡು ಕೆಲಸ ಕೆಡಿಸುತ್ತದೆ. ಆ ಕೊಬ್ಬು ಕರಗಿದರೆ, ರೋಗವು ಹಳತಾಗದಿದ್ದರೆ, ಅವು ಮರಳಿ ಚೇತರಿಸಿಕೊಳ್ಳಬಲ್ಲವು ಎಂಬುದು ಅವರ ಪ್ರತಿಪಾದನೆ. 2017ರಲ್ಲಿ ಬ್ರಿಟನ್ನಿನ ಸುಮಾರು 300 ರೋಗಿಗಳ ಪರೀಕ್ಷೆಯ ಫಲವು ಪ್ರಕಟವಾಯಿತು. ರೋಗ ಬಂದು ಆರು ವರ್ಷ ಮೀರದವರು ಅವರು. ಅಲ್ಪಾಹಾರದಿಂದ ತೂಕ ಇಳಿಸಹೊರಟವರಲ್ಲಿ ಶೇಕಡ 46 ಮಂದಿ ಒಂದು ವರ್ಷದ ಕೊನೆಗೆ ಔಷಧವಿಲ್ಲದೆಯೇ ರೋಗದ ಮಟ್ಟಕ್ಕಿಂತ ಕೆಳಗಿದ್ದರು. 15 ಕಿಲೋ ಅಥವಾ ಹೆಚ್ಚು ಇಳಿದವರಲ್ಲಿ ಶೇಕಡ 86. ಎರಡನೆಯ ವರ್ಷಕ್ಕೆ 46 ಎಂಬುದು 36 ಆಯಿತೆಂಬುದನ್ನೂ ಹೇಳಬೇಕು.

ಈ ಸಂಖ್ಯೆಗಳು ಒಂದು ಮನೆಯೊಳಗೆ ಬಂದಾಗ ಹೇಗಿರುತ್ತವೆ? ಹರಿಹರದಲ್ಲಿ ವಾಸ, ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ, ನಿತ್ಯವೂ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತರೊಬ್ಬರಿದ್ದಾರೆ. ನಲವತ್ತೇಳನೆಯ ವಯಸ್ಸಿನಲ್ಲಿ ಅವರ ರಕ್ತದ ಮೂರು ತಿಂಗಳ ಸರಾಸರಿ 8.2 ಎಂದು ಬಂದಿತು; 6.5ರಿಂದ ಮೇಲೆ ರೋಗ. ತೂಕ 78 ಕಿಲೋ. ಅವರ ತಂದೆಯವರು ಇದೇ ರೋಗದಿಂದ ಮೊದಲು ಎರಡು ಕಾಲ್ಬೆರಳುಗಳನ್ನೂ ಆಮೇಲೆ ಪಾದವನ್ನೂ ಕಳೆದುಕೊಂಡು, ತುಂಗಭದ್ರೆಯ ದಂಡೆಗೆ ನಡೆದು ಹೋಗಲಾರದೆ ಕೊನೆಯ ನಾಲ್ಕು ವರ್ಷಗಳನ್ನು ಪಡಸಾಲೆಯಲ್ಲಿ ಕಳೆದವರು. ಮಗನಿಗೆ ಧೈರ್ಯವನ್ನು ಕೊಟ್ಟುದು ಶಾಸ್ತ್ರವಲ್ಲ, ಆ ಪಡಸಾಲೆಯ ಮಂಚ.

ಅವರು ಮಾಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಲೆಕ್ಕದವರಾದುದರಿಂದ ಊಟಕ್ಕೂ ಖಾತೆ ತೆರೆದರು. ಬೆಳಗ್ಗೆ ಎರಡು ರೊಟ್ಟಿ, ಕಾಳುಪಲ್ಯ; ಮಧ್ಯಾಹ್ನ ಒಂದು ಬಟ್ಟಲು ಅನ್ನ, ಅದರ ಎರಡರಷ್ಟು ಸೊಪ್ಪು ತರಕಾರಿ, ಮಜ್ಜಿಗೆ; ರಾತ್ರಿ ಏಳೂವರೆಗೆ ಒಂದು ರೊಟ್ಟಿ, ಕೋಸಂಬರಿ. ಸಂಜೆಯ ಮಂಡಕ್ಕಿಗೆ ಪ್ರತಿಯಾಗಿ ಒಂದು ಹಿಡಿ ಹುರಿಗಡಲೆ. ಎರಡು ನಿಲ್ದಾಣ ಮುಂಚೆಯೇ ಬಸ್ಸಿಳಿದು ನಡಿಗೆ. ಮೊದಲ ಮೂರು ವಾರ ತಲೆನೋವು, ಸಿಡುಕು, ಮಲಗಿದರೆ ದೋಸೆಯ ಕನಸು. ಎಂಟು ತಿಂಗಳಲ್ಲಿ 67 ಕಿಲೋ ಆದರು, ಸರಾಸರಿ 6.1ಕ್ಕೆ ಇಳಿಯಿತು, ವೈದ್ಯರೇ ಮಾತ್ರೆಗಳನ್ನು ಒಂದೊಂದಾಗಿ ನಿಲ್ಲಿಸಿದರು.

ವೈದ್ಯರೇ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಅಳತೆಯನ್ನು ಹಾಗೆಯೇ ಇಟ್ಟುಕೊಂಡು ಊಟವನ್ನು ಮಾತ್ರ ಅರ್ಧಮಾಡಿದರೆ, ರಕ್ತದ ಸಕ್ಕರೆಯು ತೀರ ಕುಸಿದು, ಬೆವರು ನಡುಕಗಳಿಂದ ಮೊದಲಾಗಿ ಎಚ್ಚರ ತಪ್ಪುವವರೆಗೂ ಹೋಗಬಹುದು. ಕೃಶಶರೀರದವರೂ, ಬಹುಕಾಲದಿಂದ ರೋಗವುಳ್ಳವರೂ ಗುಮಾಸ್ತರ ಖಾತೆಯನ್ನು ನಕಲು ಮಾಡಲಾಗದು. ಮದ್ದು ಬೇಕಾದವನು ಮದ್ದು ತೆಗೆದುಕೊಳ್ಳುವುದರಲ್ಲಿ ಸೋಲೆಂಬುದೇನಿದೆ?

ಹಸಿವಿಗಿಂತಲೂ ಗುಮಾಸ್ತರನ್ನು ಕಾಡಿದುದು ಬಂಧುಗಳ ಪ್ರೀತಿ. ನಮ್ಮ ಕಡೆಯಲ್ಲಿ ಎಲೆಯ ಮುಂದೆ ಕುಳಿತವನು ಬೇಡವೆಂದರೆ ಅದು ಸಂಕೋಚವೆಂದೇ ಬಡಿಸುವವರ ಭಾವನೆ. "ಅಲ್ರೀ ಭಾವಾ, ಒಂದ್ ಹೋಳಿಗಿಯಿಂದ ಏನಾಗ್ತತಿ? ಇನ್ನೊಂದ್ ಮಾತ್ರಿ ನುಂಗಿದ್ರಾತು" ಎಂದು ನಾದಿನಿಯು ತುಪ್ಪವನ್ನು ಸುರಿಯುತ್ತಾಳೆ. ಇಳಿದ ಮುಖವನ್ನು ಕಂಡ ಹಿರಿಯರು, "ಯಾಕಪ್ಪಾ, ಇಷ್ಟ್ ಸೊರಗೀಯಲ್ಲ" ಎಂದು ಮರುಗುತ್ತಾರೆ. ಹೊಟ್ಟೆ ಬಂದಿದ್ದಾಗ ಯಾರೂ ಮರುಗಿರಲಿಲ್ಲ! ಮರುವರ್ಷದ ಮದುವೆಯ ಕಾಲದಲ್ಲಿ ನಾಲ್ಕು ಕಿಲೋ ಮರಳಿ ಬಂದವು, ಸರಾಸರಿಯು 6.8 ಆಯಿತು, ಒಂದು ಮಾತ್ರೆಯೂ ಮರಳಿತು.

ಆ ಮಾತ್ರೆಯನ್ನು ತರಲು ಹೋದ ದಿನ ವೈದ್ಯರು ಜೊತೆಗೆ ಬಂದಿದ್ದ ಅವರ ಪತ್ನಿಯ ರಕ್ತವನ್ನೂ ಪರೀಕ್ಷಿಸಿದರು. ಒಂದು ವರ್ಷ ಎರಡು ಬಗೆಯ ಅಡಿಗೆ ಮಾಡಿ, ಗಂಡನ ಪಥ್ಯವನ್ನು ಅಳೆದು ಬಡಿಸಿ, ಅವರು ಬಿಟ್ಟ ಅನ್ನವು ಹಾಳಾಗಬಾರದೆಂದು ತಾವೇ ಉಂಡವರು ಆಕೆ. ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದೆಂದು ನಮ್ಮ ದೇಶದ ವೈದ್ಯರು ಹೇಳುತ್ತಾರೆ, ಆಕೆಯದು 94. ಸರಾಸರಿ 6.2, ಎಂದರೆ ರೋಗದ ಹೊಸ್ತಿಲು. ಇಂಥ ಹೊಸ್ತಿಲಿನ ಮೇಲೆ ದೇಶದಲ್ಲಿ 13 ಕೋಟಿಗೂ ಹೆಚ್ಚು ಜನರು ನಿಂತಿದ್ದಾರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ಹೇಳಿತು. ಅಡಿಗೆಮನೆಯಲ್ಲಿ ಕೊನೆಗೆ ಉಣ್ಣುವವರನ್ನು ಊಟದ ಬಗ್ಗೆ ಯಾರು ಕೇಳಿದ್ದಾರೆ?

ಅಂದಿನಿಂದ ಆ ಮನೆಯಲ್ಲಿ ಒಂದೇ ಅಡಿಗೆ. ಅನ್ನದ ಪಾತ್ರೆಯನ್ನು ಬದಲಿಸಿ ಸಣ್ಣದನ್ನು ತಂದಿದ್ದಾರೆ. ಭಾನುವಾರ ಬೆಳಗ್ಗೆ ಇಬ್ಬರೂ ತೂಗಿಕೊಂಡು, ಗುಮಾಸ್ತರ ಖಾತೆಯಲ್ಲಿ ಎರಡು ಸಾಲು ಬರೆಯುತ್ತಾರೆ. ಸಂಜೆ ನದಿಯ ಕಡೆಗೆ ನಡೆಯುವಾಗ ಆಕೆಯೇ ಮುಂದೆ.